ಎರ್ಸಿಲಿಯಾ ಮತ್ತು ಕತ್ತರಿಯ ಮರಿ

ಎರ್ಸಿಲಿಯಾ ಕಾಯುಪಾನ್ ಹುಟ್ಟಿದ್ದು ವಾಲ್ದೆಸ್ ಪರ್ಯಾಯದ್ವೀಪದ ಬಡಗಣ ದಂಡೆಯಲ್ಲಿ, ಒಂದು ದೊಡ್ಡ ಕುರಿಫಾರಮ್ಮಿನ ಕೊನೆಯ ಬೇಲಿಗೆ ಆತುಕೊಂಡಿದ್ದ ತಗಡಿನ ಮನೆಯಲ್ಲಿ. ಒಡೆಯರ ಬಂಗಲೆಗೆ ಕುದುರೆಯ ಮೇಲೆ ಅರ್ಧ ದಿನದ ದಾರಿ. ಸಮುದ್ರ ಮಾತ್ರ ಕೂಗಳತೆಯಲ್ಲಿತ್ತು. ಗಾಳಿ ನಿಂತ ದಿನ, ಅಂಥ ದಿನಗಳು ನಮ್ಮ ಕಡೆ ಕಡಿಮೆ, ಮನೆಯೊಳಗೆ ಮಲಗಿದ್ದರೂ ತಿಮಿಂಗಿಲಗಳು ಉಸಿರು ಬಿಡುವುದು ಕೇಳಿಸುತ್ತಿತ್ತು.

ಅವಳ ಅಪ್ಪ ಸೆಗುಂದೊ ಎರಡು ಸಾವಿರ ಕುರಿಗಳ ಕಾವಲುಗಾರ. ಮಾತು ಕಡಿಮೆ, ಕೈ ಬಲ. ಅಮ್ಮ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಾಗ ಎರ್ಸಿಲಿಯಾಗೆ ಒಂಬತ್ತು ವರ್ಷ. ಆ ಹೆರಿಗೆಯಲ್ಲಿ ಉಳಿದ ಕೂಸೇ ರುಫಿನೊ. ಅವನಿಗೆ ಕುರಿಹಾಲು ಕುಡಿಸಿದ್ದು, ನಡೆಯಲು ಕಲಿಸಿದ್ದು, ಬೈದದ್ದು, ಬಡಿದದ್ದು ಎಲ್ಲ ಅವಳೇ. ಬಾಯಿತುಂಬ ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದ. ಊರವರಿಗೆ ಅದು ಅಮ್ಮಾ ಎಂದೇ ಕೇಳಿಸುತ್ತಿತ್ತು.

ಸೆಪ್ಟೆಂಬರಿನಲ್ಲಿ ಕುರಿಗಳು ಈಯುವ ಹೊತ್ತಿಗೆ ಕಡಲಕಾಗೆಗಳು ಒಳನಾಡಿಗೆ ಬರುತ್ತಿದ್ದವು. ಬಿಳಿ ಮೈ, ಕಪ್ಪು ಬೆನ್ನು, ಹಳದಿ ಕೊಕ್ಕಿನ ಈ ಹಕ್ಕಿಗೆ ನಮ್ಮ ಕಡೆ ‘ಅಡುಗೆಯವಳು’ ಎಂದು ಹೆಸರು. ಯಾಕೆ ಬಂತೋ ಆ ಹೆಸರು, ಅದು ಯಾವುದನ್ನೂ ಬೇಯಿಸುವವರೆಗೆ ಕಾಯುವುದಿಲ್ಲ. ಈಯುತ್ತಿರುವ ಕುರಿ ಏಳಲಾಗದೆ ಮಲಗಿರುವಾಗಲೇ, ಅರ್ಧ ಹೊರಬಂದ ಮರಿಯ ಕಣ್ಣು ಕಿತ್ತು ತಿನ್ನುತ್ತದೆ. ಆಮೇಲೆ ನಾಲಿಗೆ.

ಎರ್ಸಿಲಿಯಾಗೆ ಹನ್ನೊಂದು ತುಂಬಿದ ವರ್ಷ ಸೆಗುಂದೊ ಅವಳ ಕೈಗೆ ಚಾಕು ಕೊಟ್ಟು ಮುಂದೆ ಕಳಿಸಿದ.

“ಕಣ್ಣು ಹೋಗಿದೆಯಾ ನೋಡು,” ಎಂದು ಕುದುರೆಯ ಮೇಲಿಂದಲೇ ಕೂಗಿದ.

“ಒಂದು ಹೋಗಿದೆ ಅಪ್ಪಾ. ನಾಲಿಗೇನೂ ಇಲ್ಲ.”

“ಮತ್ತೆ ಅದರ ಮುಖ ನೋಡ್ಕೊಂಡು ಏನ್ ಮಾಡ್ತಿದೀಯ? ಕುಯ್ಯಿ.”

ಅವಳು ಕುಯ್ದಳು. ಸರಿಯಾಗಿ ಕುಯ್ಯಲಿಲ್ಲ. ಮರಿ ಒದ್ದಾಡಿತು, ಅವಳು ಚಾಕು ಎಸೆದು ಪೊದೆಯ ಪಕ್ಕ ವಾಂತಿ ಮಾಡಿಕೊಂಡಳು. ಸೆಗುಂದೊ ಕುದುರೆಯಿಂದ ಇಳಿಯಲೇ ಇಲ್ಲ. ಅವಳು ಬಾಯಿ ಒರೆಸಿಕೊಳ್ಳುವವರೆಗೆ ಕಾದ. “ಮುಗಿಸು,” ಎಂದ. ಅವಳು ಮುಗಿಸಿದಳು. ಆ ದಿನ ಇನ್ನೂ ಆರು ಮರಿಗಳಿದ್ದವು. ಆರನೆಯದನ್ನು ಒಂದೇ ಎಳೆತಕ್ಕೆ ಕುಯ್ದಳು.

ಇಪ್ಪತ್ತೆರಡಕ್ಕೆ ಒಬ್ಬ ಲಾರಿ ಡ್ರೈವರನನ್ನು ಮದುವೆಯಾದಳು. ಅವನು ಕೊಮೊದೊರೊ ಕಡೆ ಎಣ್ಣೆಬಾವಿಗಳ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಅವಳೂ ಹುಡುಕಲು ಹೋಗಲಿಲ್ಲ. ಅದೇ ಚಳಿಗಾಲ ಸಾನ್ ಹೊಸೆ ಕೊಲ್ಲಿಯ ದಂಡೆಯಲ್ಲಿ ತಿಮಿಂಗಿಲ ಅಧ್ಯಯನ ಮಾಡುವವರ ಬಿಡಾರಕ್ಕೆ ಅಡುಗೆಯವರು ಬೇಕಾಗಿದ್ದರು. ಎರಡು ಮರದ ಗುಡಿಸಲು, ಒಂದು ನೀರಿನ ತೊಟ್ಟಿ, ಬಂಡೆಯ ನೆತ್ತಿಯ ಮೇಲೊಂದು ದೂರದರ್ಶಕ. ಅವಳು ರುಫಿನೊನನ್ನೂ ಕರೆದುಕೊಂಡು ಹೋಗಿ ಒಲೆ ಹಚ್ಚಿದಳು.

ಬಿಡಾರದ ಯಜಮಾನಿ ಸಿಲ್ವಿನಾ ಬೆರ್ತೋಲಿನಿ. ಆಗಿನ್ನೂ ಡಾಕ್ಟರೇಟು ಮುಗಿಯದ ಹುಡುಗಿ, ಬ್ಯೂನಸ್ ಐರಿಸ್‌ನವಳು. ಚಳಿಗೆ ತುಟಿ ಒಡೆದು ರಕ್ತ ಬರುತ್ತಿದ್ದರೂ ದೂರದರ್ಶಕದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಈ ತಿಮಿಂಗಿಲಗಳ ತಲೆಯ ಮೇಲೆ ಗಡಸು ಬಿಳಿ ಗಂಟುಗಳಿರುತ್ತವೆ. ಒಂದರ ಗಂಟಿನ ನಕ್ಷೆ ಇನ್ನೊಂದಕ್ಕಿರುವುದಿಲ್ಲ. ಅದನ್ನು ಫೋಟೊ ಹಿಡಿದು, ಪ್ರತಿ ತಿಮಿಂಗಿಲಕ್ಕೂ ಒಂದು ಸಂಖ್ಯೆ ಕೊಟ್ಟು, ವರ್ಷವರ್ಷವೂ ಯಾರು ಬಂದರು, ಯಾರು ಮರಿ ತಂದರು, ಯಾರು ಬರಲಿಲ್ಲ ಎಂದು ನೋಂದಾಯಿಸುವುದು ಸಿಲ್ವಿನಾಳ ಕೆಲಸ. ಹೀಗೆ ನೋಡುತ್ತ ಹೋದರೆ ಇಡೀ ಹಿಂಡು ಬೆಳೆಯುತ್ತಿದೆಯೋ ಅಳಿಯುತ್ತಿದೆಯೋ ಗೊತ್ತಾಗುತ್ತದೆ. ಆದರೆ ಅದಕ್ಕೆ ಹತ್ತಿಪ್ಪತ್ತು ವರ್ಷ ಸಾಲುವುದಿಲ್ಲ, ಒಂದು ಆಯುಷ್ಯ ಬೇಕು.

ಎರ್ಸಿಲಿಯಾ ಆಲೂಗಡ್ಡೆ ಸುಲಿಯುವುದಕ್ಕೂ ಬಂಡೆಯ ಅಂಚಿಗೇ ಬಂದು ಕೂರುತ್ತಿದ್ದಳು. ನಾಲ್ಕನೆಯ ವರ್ಷ ಒಂದು ಮಧ್ಯಾಹ್ನ ಸಿಲ್ವಿನಾ ಮತ್ತು ಇಬ್ಬರು ವಿದ್ಯಾರ್ಥಿಗಳು ಮೇಜಿನ ಮೇಲೆ ಫೋಟೊ ಹರಡಿಕೊಂಡು ಒಂದು ಹೆಣ್ಣು ತಿಮಿಂಗಿಲ ಯಾವುದೆಂದು ಗಂಟೆಗಟ್ಟಲೆ ಜಗಳವಾಡುತ್ತಿದ್ದರು. ಎರ್ಸಿಲಿಯಾ ಸಾರಿನ ಪಾತ್ರೆ ಇಡಲು ಜಾಗ ಸಿಗದೆ ನಿಂತಿದ್ದಳು.

“ಅದು ಕತ್ತರಿ,” ಎಂದಳು.

“ಯಾವ ಕತ್ತರಿ?” ಎಂದಳು ಸಿಲ್ವಿನಾ.

“ಮೂಗಿನ ಹಿಂದೆ ಎರಡು ಗೆರೆ ಅಡ್ಡ ಹೋಗಿದೆ ನೋಡಿ, ಕತ್ತರಿ ಬಾಯಿ ತೆಗೆದ ಹಾಗೆ. ಹೋದ ಸಲ ಮರಿ ಹಾಕಿದ್ದಳು. ಮರಿ ಎಡಗಡೇನೇ ಈಜೋದು. ಈಗ ಫೋಟೊ ತೆಗೀತೀರೋ, ಸಾರು ನೆಲದ ಮೇಲೆ ಇಡಲೋ?”

ವಿದ್ಯಾರ್ಥಿಯೊಬ್ಬ ನಕ್ಕ. “ಇಲ್ಲಿ ಅಡುಗೆಯವಳೂ ಆಕಾಶದಿಂದಾನೇ ನೋಡ್ತಾಳಪ್ಪ!” ಎಂದು ಹಕ್ಕಿಯ ಹೆಸರು ಹಿಡಿದು ಹಂಗಿಸಿದ. ಸಿಲ್ವಿನಾ ನಗಲಿಲ್ಲ. ಮೂವತ್ತಮೂರು ಫೋಟೊ ಎತ್ತಿ ಒಂದೊಂದಾಗಿ ತೋರಿಸಿದಳು. ಎರ್ಸಿಲಿಯಾ ಮೂವತ್ತೊಂದನ್ನು ಗುರುತಿಸಿದಳು, ತಾನೇ ಇಟ್ಟ ಹೆಸರುಗಳಿಂದ: ಕತ್ತರಿ, ವಿಧವೆ, ಒಲೆಗೂಡು, ಸೆಗುಂದೊನ ಟೋಪಿ. ಉಳಿದ ಎರಡು ಅವಳು ಬರುವ ಮೊದಲೇ ತೆಗೆದವು.

ಅಂದಿನಿಂದ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಮುದುಕಿಯರಾದರು. ಸಿಲ್ವಿನಾ ಡಾಕ್ಟ್ರಮ್ಮ ಆದಳು. ಎರ್ಸಿಲಿಯಾ ಒಲೆ ಬಿಟ್ಟು ದಂಡೆ ನಡೆಯುವವಳಾದಳು. ಸತ್ತು ದಡಕ್ಕೆ ಬಿದ್ದ ತಿಮಿಂಗಿಲಗಳನ್ನು ಹುಡುಕುವುದು, ಟೇಪು ಹಿಡಿದು ಅಳೆಯುವುದು, ಹೆಣ್ಣೋ ಗಂಡೋ ನೋಡುವುದು, ಕೊಯ್ದು ಚರ್ಮ, ಕೊಬ್ಬು, ಕರುಳಿನ ತುಂಡು ಸೀಸೆಗೆ ಹಾಕುವುದು. ದೊಡ್ಡವು ಅಪರೂಪ. ಬೀಳುತ್ತಿದ್ದವು ಮರಿಗಳೇ. ಮೊದಮೊದಲು ವರ್ಷಕ್ಕೆ ಐದಾರು. ಆಮೇಲೆ ಇಪ್ಪತ್ತು. ಆಮೇಲೆ ಅವಳಿಗೆ ಒಂದು ದಿನವೂ ಬಿಡುವಿಲ್ಲದಂತಾಯಿತು.

ಆ ವಾಸನೆ ಸೋಪಿಗೆ ಬಗ್ಗುವುದಲ್ಲ. ಅಷ್ಟು ಹೊತ್ತಿಗೆ ಅವಳೂ ರುಫಿನೊನೂ ಊರಿಗೆ ಬಂದು ಮನೆ ಮಾಡಿದ್ದರು. ಬಸ್ಸಿನವನು ಅವಳನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ದಿನಸಿ ಅಂಗಡಿಯವಳು “ಅಲ್ಲೇ ನಿಲ್ಲಮ್ಮ, ನಾನೇ ಹೊರಗೆ ತಂದುಕೊಡ್ತೀನಿ,” ಎನ್ನುತ್ತಿದ್ದಳು. ಒಂದು ಭಾನುವಾರ ಇಗರ್ಜಿಯಲ್ಲಿ ಅವಳು ಕೂತ ಬೆಂಚು ಪೂರ್ತಿ ಖಾಲಿಯಾಯಿತು. ಪಾದ್ರಿಯೂ ಕಿಟಕಿ ತೆರೆಯಲು ಹೇಳಿದ. ಅವಳು ಆಮೇಲೆ ಹೋಗಲಿಲ್ಲ.

ಮರಿಗಳು ಯಾಕೆ ಸಾಯುತ್ತವೆಂದು ಡಾಕ್ಟ್ರಮ್ಮನಿಗೆ ಪೂರ್ತಿ ತಿಳಿದಿರಲಿಲ್ಲ, ಯಾರಿಗೂ ತಿಳಿದಿರಲಿಲ್ಲ. ಆದರೆ ಒಂದು ಕಾರಣ ಕಣ್ಣಿಗೇ ಕಾಣುತ್ತಿತ್ತು. ಮೀನು ಹಸನುಮಾಡುವ ಶೆಡ್ಡುಗಳ ಕೊಳಕೆಲ್ಲ ಬಯಲಿಗೆ ಬೀಳುತ್ತಿತ್ತು. ಅದನ್ನು ತಿಂದು ಕಡಲಕಾಗೆಗಳು ಹತ್ತರಷ್ಟಾದವು. ಒಳ್ಳೆಯ ಊಟ ಅಭ್ಯಾಸವಾದ ಮೇಲೆ ತಿಮಿಂಗಿಲದ ಬೆನ್ನೂ ಊಟವೇ ಎಂದು ಕಂಡುಕೊಂಡವು. ತಿಮಿಂಗಿಲ ಉಸಿರಿಗೆಂದು ಮೇಲೆ ಬಂದೊಡನೆ ಬೆನ್ನ ಮೇಲೆ ಇಳಿದು, ಚರ್ಮ ಸೀಳಿ, ಕೊಬ್ಬು ಕಿತ್ತು ಹಾರುತ್ತಿದ್ದವು. ದೊಡ್ಡ ತಿಮಿಂಗಿಲಗಳು ಬೆನ್ನು ಬಗ್ಗಿಸಿ ಮೂಗು ಮಾತ್ರ ಹೊರಗಿಡುವುದನ್ನು ಕಲಿತವು. ಮರಿಗಳಿಗೆ ಕಲಿಯುವಷ್ಟು ಆಯುಷ್ಯ ಸಿಗುತ್ತಿರಲಿಲ್ಲ. ಎರ್ಸಿಲಿಯಾ ಅಳೆದ ಒಂದೊಂದು ಮರಿಯ ಬೆನ್ನಲ್ಲೂ ತಟ್ಟೆಯಗಲದ ಗುಳಿಗಳು. ಕೆಲವು ಸೇರಿ ಒಂದೇ ಗಾಯವಾಗಿರುತ್ತಿದ್ದವು. ಕತ್ತರಿಯ ಎರಡು ಮರಿಗಳನ್ನು ಮೂರು ವರ್ಷದ ಅಂತರದಲ್ಲಿ ಅವಳೇ ಕೊಯ್ದಿದ್ದಳು. ಎರಡು ಸಲವೂ ಕತ್ತರಿ ವಾರಗಟ್ಟಲೆ ಅದೇ ಕೊಲ್ಲಿಯಲ್ಲಿ ಸುತ್ತುತ್ತಿದ್ದಳು.

ಕೊನೆಗೆ ಸರ್ಕಾರದವರು ಕಡಲಕಾಗೆಗಳನ್ನು ಹೊಡೆಯಲು ತೀರ್ಮಾನಿಸಿದರು. ಗುರಿಕಾರ ಬೇಕೆಂದಾಗ ಊರಿನವರೆಲ್ಲ ರುಫಿನೊ ಕಡೆ ಬೆರಳು ಮಾಡಿದರು. ನಲವತ್ತೆರಡು ವರ್ಷದ ರುಫಿನೊ ಆಗ ಪ್ರವಾಸಿಗಳಿಗೆ ತಿಮಿಂಗಿಲ ತೋರಿಸುವ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಮದುವೆಯಾಗಿ, ಅಕ್ಕನ ಮನೆಯ ಹಿಂದೆಯೇ ಒಂದು ಕೋಣೆ ಕಟ್ಟಿಸಿಕೊಂಡಿದ್ದ. ಚಲಿಸುವ ದೋಣಿಯಿಂದ ಹಾರುವ ಹಕ್ಕಿ ಹೊಡೆಯುವುದು ಅವನಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಊರಿಗೆ ಮಾತ್ರ ಅದು ನುಂಗಲಾಗದ ತುತ್ತಾಯಿತು. ರೆಕ್ಕೆ ಮುರಿದ ಒಂದು ಹಕ್ಕಿ ಪ್ರವಾಸಿಗಳ ದೋಣಿಯೊಳಗೇ ಬಿದ್ದು, ಒಬ್ಬ ಹೆಂಗಸಿನ ಮಡಿಲಲ್ಲಿ ಒದ್ದಾಡಿ ಸತ್ತಿತು. ದೋಣಿಗಳ ಒಡೆಯ ಟೀಟೊ ದಕ್ಕೆಯ ಮೇಲೆ ನಿಂತು ಎಲ್ಲರ ಮುಂದೆ ಬೈದ.

“ಏನೋ ಕೋಳಿ ಬೇಟೆಗಾರ, ದುಡ್ಡು ಕೊಟ್ಟು ಬರೋ ಜನಕ್ಕೆ ರಕ್ತ ತೋರಿಸ್ತೀಯಾ?”

“ತಿಮಿಂಗಿಲದ ಬೆನ್ನಲ್ಲಿ ಹರಿಯೋದೂ ರಕ್ತಾನೇ ಅಲ್ವಾ, ಟೀಟೊ?”

“ಅದು ದೂರದಿಂದ ಕಾಣಲ್ಲ ಕಣೋ!”

ಮೂರು ವಾರಕ್ಕೆ ಬೇಟೆ ನಿಂತಿತು. ಟೀಟೊ ರುಫಿನೊನನ್ನು ತಿರುಗಿ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ.

ಮರುವರ್ಷ ಸೆಪ್ಟೆಂಬರಿನ ಒಂದು ಭಾನುವಾರ, ಊರಿಂದ ಮೂರು ಮೈಲಿ ದೂರದ ದಂಡೆಯಲ್ಲಿ ಒಂದು ಮರಿ ಬಿದ್ದಿದೆ ಎಂದು ಸುದ್ದಿ ಬಂತು. ಎರ್ಸಿಲಿಯಾ ಟೇಪು, ಚಾಕು, ಸೀಸೆಗಳ ಚೀಲ ಹೆಗಲಿಗೇರಿಸಿ ಹೋದಳು. ಬೆಳಿಗ್ಗೆ ಎಂಟು ಗಂಟೆ ಇದ್ದೀತು. ಮರಿಯ ಹತ್ತಿರ ಹೋಗಿ ಟೇಪು ಬಿಚ್ಚಿದಾಗ ಅದು ಉಸಿರು ಬಿಟ್ಟಿತು.

ನಸುಕಿನ ದೊಡ್ಡ ಉಬ್ಬರದಲ್ಲಿ ದಡಕ್ಕೆ ಬಂದು, ಇಳಿತದಲ್ಲಿ ಸಿಕ್ಕಿಕೊಂಡಿತ್ತು. ಹೆಣ್ಣುಮರಿ, ಹುಟ್ಟಿ ಮೂರು ವಾರ ದಾಟಿರಲಿಲ್ಲ. ನೀರು ಆಗಲೇ ಇನ್ನೂರು ಹೆಜ್ಜೆ ಹಿಂದೆ ಸರಿದಿತ್ತು. ಅಲೆಗಳಾಚೆ ಒಂದು ದೊಡ್ಡ ಬೆನ್ನು ಅತ್ತಿಂದಿತ್ತ ಸುತ್ತುತ್ತಿತ್ತು. ಅದು ತಲೆ ಎತ್ತಿದಾಗ ಎರ್ಸಿಲಿಯಾಗೆ ದುರ್ಬೀನು ಬೇಕಾಗಲಿಲ್ಲ. ಕತ್ತರಿ.

ಡಾಕ್ಟ್ರಮ್ಮನಿಗೆ ಫೋನ್ ಮಾಡಿದಳು. ಸಿಲ್ವಿನಾ ಆ ವಾರ ಬ್ಯೂನಸ್ ಐರಿಸ್‌ನಲ್ಲಿ ಒಂದು ಸಭೆಯಲ್ಲಿದ್ದಳು.

“ಯಾರಿಗೂ ಮುಟ್ಟೋಕೆ ಬಿಡಬೇಡ ಎರ್ಸಿ. ಬಾಲ ಹಿಡಿದು ಎಳೆದರೆ ಕೀಲು ತಪ್ಪುತ್ತೆ. ಚರ್ಮ ಒದ್ದೆ ಇರಲಿ. ಸಂಜೆ ಉಬ್ಬರಕ್ಕೆ ತಾನೇ ತೇಲಬಹುದು.”

“ಸಂಜೆ ಉಬ್ಬರ ಬೆಳಗಿನಷ್ಟು ಬರಲ್ಲ ಡಾಕ್ಟ್ರಮ್ಮ.”

“ಬರುತ್ತೆ ಅಂದ್ಕೋ. ಪಶುವೈದ್ಯರನ್ನ ಕಳಿಸ್ತೀನಿ, ನಾಳೆ ವಿಮಾನಕ್ಕೆ.”

ಹತ್ತು ಗಂಟೆಗೆ ಜನ ಸೇರಿದರು. ಭಾನುವಾರ, ಬಿಸಿಲು, ಪ್ರವಾಸಿಗಳ ಎರಡು ಬಸ್ಸು. ಮೊದಮೊದಲು ಎಲ್ಲರಿಗೂ ಕರುಣೆ. ಬಕೆಟ್ಟುಗಳಲ್ಲಿ ನೀರು ಹೊತ್ತರು, ಟವೆಲ್ ಒದ್ದೆ ಮಾಡಿ ಹೊದಿಸಿದರು, ಕಡಲಕಾಗೆ ಬಂದರೆ ಜಾಕೆಟ್ ಬೀಸಿ ಓಡಿಸಿದರು. ಮಕ್ಕಳು ಅದಕ್ಕೊಂದು ಹೆಸರೂ ಇಟ್ಟವು. ಮಧ್ಯಾಹ್ನ ಗಾಳಿ ಎದ್ದಿತು. ಮರಳು ಮುಖಕ್ಕೆ ಹೊಡೆಯತೊಡಗಿತು. ಒಬ್ಬೊಬ್ಬರೇ ಬಸ್ಸಿನೊಳಗೆ ಹೋಗಿ ಕೂತು ಗಾಜಿನ ಹಿಂದಿನಿಂದ ನೋಡಿದರು. ಉಳಿದವರು ಎರ್ಸಿಲಿಯಾ, ರುಫಿನೊ ಮತ್ತು ವನ್ಯಜೀವಿ ಕಾವಲಿನ ಅನ್ಸೆಲ್ಮೊ, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಸಾಧು ಮನುಷ್ಯ.

ಮೂರು ಜನಕ್ಕೆ ಆರು ಕೈ. ಹಕ್ಕಿಗಳು ಇನ್ನೂರಿದ್ದವು. ಈ ಕಡೆ ಬೀಸಿದರೆ ಆ ಕಡೆ ಇಳಿದವು. ಒಂದೊಂದು ಕೊಕ್ಕು ಬಿದ್ದಾಗಲೂ ಮರಿಯ ಇಡೀ ಮೈ ಅದುರಿ, ಒಳಗಿಂದ ಒಂದು ಸದ್ದು ಬರುತ್ತಿತ್ತು. ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು. ಕತ್ತರಿ ಪ್ರತಿ ಸಲವೂ ಅಲೆಯೊಳಗೆ ಇನ್ನಷ್ಟು ಹತ್ತಿರ ಬಂದು, ಹೊಟ್ಟೆ ನೆಲಕ್ಕೆ ತಾಗಿ, ತಿರುಗಿ ಹೋಗುತ್ತಿದ್ದಳು.

ಐದೂವರೆಗೆ ಉಬ್ಬರ ಬಂತು. ನೀರು ಬಾಲಕ್ಕೆ ಮುಟ್ಟಿದಾಗ ಬಸ್ಸಿನೊಳಗಿನವರೆಲ್ಲ ಇಳಿದು ಚಪ್ಪಾಳೆ ಹೊಡೆದರು. ಮರಿ ಬಾಲ ಎತ್ತಿ ಬಡಿಯಿತು, ಒಂದು, ಎರಡು, ಮೂರು ಸಲ. ನೀರು ಹೊಟ್ಟೆಯ ಅರ್ಧಕ್ಕೆ ಬಂತು. ಅಲ್ಲೇ ನಿಂತಿತು. ಹತ್ತು ನಿಮಿಷ ನಿಂತು, ಹಿಂದಕ್ಕೆ ಹೊರಟಿತು. ಅದನ್ನು ನೋಡಲು ಓಡಿ ಮುಂದೆ ಹೋಗಿದ್ದ ಎರ್ಸಿಲಿಯಾ ತಿರುಗಿದಾಗ ಮರಿಯ ತಲೆಯ ಮೇಲೆ ಎರಡು ಹಕ್ಕಿ ಕೂತಿದ್ದವು. ಬಲಗಣ್ಣು ಇರಲಿಲ್ಲ.

ಅವಳು ಮತ್ತೆ ಫೋನ್ ಮಾಡಿದಳು.

“ಡಾಕ್ಟ್ರಮ್ಮ, ನೀರು ಸಾಲಲಿಲ್ಲ. ಒಂದು ಕಣ್ಣು ಹೋಯ್ತು. ಕತ್ತಲಾಗೋ ಹೊತ್ತಿಗೆ ಇನ್ನೊಂದೂ ಹೋಗುತ್ತೆ. ಇದು ಇನ್ನೂ ಎರಡು ದಿನ ಸಾಯಲ್ಲ, ಹೀಗೇ ಇರುತ್ತೆ.”

ಆ ಕಡೆ ಒಂದು ಬಾಗಿಲು ಹಾಕಿಕೊಂಡ ಸದ್ದಾಯಿತು.

“ರುಫಿನೊ ಹತ್ರ ಅಪ್ಪನ ಕೋವಿ ಇದೆ.”

“ಎರ್ಸಿ, ಈ ಮಾತನ್ನ ನೀನು ನನ್ ಹತ್ರ ಆಡಿಲ್ಲ.”

“ಅಂದ್ರೆ ಬೇಡ ಅಂತಲೋ, ಮಾಡು ಅಂತಲೋ? ಬಾಯ್ಬಿಟ್ಟು ಹೇಳಿ.”

“ಮಾಡು. ಆದ್ರೆ ಸರಿಯಾಗಿ ಮಾಡು. ಮಿದುಳು ಎಲ್ಲಿರುತ್ತೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು,” ಎಂದು ಫೋನ್ ಇಟ್ಟಳು.

ರುಫಿನೊ ಮನೆಗೆ ಹೋಗಿ ಕೋವಿ ತಂದ. ಒಂಟೆಯ ಜಾತಿಯ ಕಾಡುಪ್ರಾಣಿ ಗ್ವಾನಾಕೊಗಳನ್ನು ಸೆಗುಂದೊ ಹೊಡೆಯುತ್ತಿದ್ದ ಹಳೆಯ ಮೌಸರ್. ಅನ್ಸೆಲ್ಮೊ ಅಡ್ಡ ಬಂದ.

“ಬೇಡ ಕಣಮ್ಮ. ಇದನ್ನ ಮುಟ್ಟೋಕೇ ಪರವಾನಗಿ ಬೇಕು. ಕೊಂದ್ರೆ ಜೈಲು.”

“ಹಾಗಾದ್ರೆ ನೀನು ಇಲ್ಲೇ ಕೂತ್ಕೊಂಡು ಅದರ ಕೂಗು ಕೇಳು, ಅನ್ಸೆಲ್ಮೊ. ನಾವು ಮನೆಗೆ ಹೋಗ್ತೀವಿ.”

ಅನ್ಸೆಲ್ಮೊ ಮರಿಯನ್ನು ನೋಡಿದ. ಆಮೇಲೆ ಟೋಪಿ ಕಣ್ಣಿಗೆ ಎಳೆದುಕೊಂಡು ತನ್ನ ಜೀಪಿನ ಕಡೆ ನಡೆದ.

ರುಫಿನೊ ಐದು ಹೆಜ್ಜೆ ದೂರ ನಿಂತು, ಗ್ವಾನಾಕೊಗೆ ಹಿಡಿದಂತೆ ಕಣ್ಣಿನ ಹಿಂದಕ್ಕೆ ಗುರಿಯಿಟ್ಟು ಹೊಡೆದ. ಮರಿ ಬಾಲ ಬಡಿದು ಕಿರುಚಿತು. ಮತ್ತೆ ಹೊಡೆದ. ಸಾಯಲಿಲ್ಲ. ಮೂಗಿನಿಂದ ರಕ್ತ ಚಿಮ್ಮಿ ಅವನ ಮುಖ, ಎದೆ ತೋಯ್ದವು. ಬಸ್ಸಿನ ಬಳಿ ಯಾರೋ ಹೆಂಗಸು ಚೀರಿದಳು. ಹತ್ತಾರು ಜನ ಫೋನ್ ಎತ್ತಿ ಹಿಡಿದಿದ್ದರು. ರುಫಿನೊ ಕೋವಿ ಕೆಳಗಿಟ್ಟು, “ಅಕ್ಕಾ, ನನ್ ಕೈಲಿ ಆಗಲ್ಲ,” ಎಂದ. ತೋಳಿನಿಂದ ಕಣ್ಣಿನ ರಕ್ತ ಒರೆಸಿಕೊಂಡ.

“ಎತ್ತೋ ಕೋವಿ,” ಎಂದಳು ಎರ್ಸಿಲಿಯಾ. “ನಾನು ಜಾಗ ತೋರಿಸ್ತೀನಿ.”

ಇನ್ನೂರಕ್ಕೂ ಹೆಚ್ಚು ತಲೆ ಕೊಯ್ದ ಕೈ ಅದು. ಮರಿಯ ಕುತ್ತಿಗೆಯ ಮೇಲೆ ಮೊಣಕಾಲೂರಿ, ಮೂಗಿನ ಹೊಳ್ಳೆಗಳಿಂದ ಹಿಂದಕ್ಕೆ ಗೇಣು ಹಾಕಿ ಅಳೆದು, ಕೋವಿಯ ಬಾಯನ್ನು ತಾನೇ ಹಿಡಿದು ಚರ್ಮಕ್ಕೆ ಒತ್ತಿ, ಕೆಳಕ್ಕೆ ಓರೆ ಮಾಡಿದಳು. “ಈಗ,” ಎಂದಳು. ರುಫಿನೊ ಕಣ್ಣು ಮುಚ್ಚಿಕೊಂಡು ಕೋವಿಯ ಕುದುರೆ ಎಳೆದ. ಮರಿ ಒಮ್ಮೆ ಬಿಗಿದು, ಸಡಿಲವಾಯಿತು. ಅವಳು ಉಳಿದಿದ್ದ ಕಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದಳು. ರೆಪ್ಪೆ ಅಲುಗಲಿಲ್ಲ. ಆಮೇಲೆ ಚೀಲದಿಂದ ಟೇಪು ತೆಗೆದಳು. ಐದು ಮೀಟರು ಮೂವತ್ತೆಂಟು.

ಆ ಟೇಪು ತೆಗೆದದ್ದೇ ಅವಳಿಗೆ ಮುಳುವಾಯಿತು. ವಿಡಿಯೊ ದೇಶವೆಲ್ಲ ಓಡಾಡಿತು. ಹನ್ನೊಂದು ಗಂಟೆ ಹಕ್ಕಿ ಓಡಿಸಿದ್ದು ಅದರಲ್ಲಿರಲಿಲ್ಲ. ಮೂರು ಗುಂಡು, ಒಂದು ಕಿರುಚಾಟ, ಆಮೇಲೆ ರಕ್ತ ಮೆತ್ತಿದ ಹೆಂಗಸು ಏನೂ ಆಗದವಳಂತೆ ಅಳತೆ ತೆಗೆಯುವುದು, ಇಷ್ಟೇ ಇತ್ತು. ಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಕೊಲೆಗಾರ್ತಿ ಎಂದು ಬರೆದರು. ದಿನಸಿ ಅಂಗಡಿಯವಳು ಈಗ ಹೊರಗೂ ತಂದುಕೊಡಲಿಲ್ಲ. ಟೀಟೊ ಟಿವಿಯವರ ಮುಂದೆ ಕಣ್ಣು ಒರೆಸಿಕೊಂಡು, “ಈ ಪ್ರಾಣಿಗಳು ನಮ್ಮ ಅನ್ನ,” ಎಂದ. ಆ ಮಾತಾದರೂ ನಿಜವಾಗಿತ್ತು.

ಕೇಸು ನಡೆಯಿತು. ಸರ್ಕಾರ ನೇಮಿಸಿಕೊಟ್ಟ ವಕೀಲ ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ.

“ನೋಡಿ ಅಮ್ಮ, ಡಾಕ್ಟ್ರಮ್ಮನ ಹೆಸರಲ್ಲಿ ಸಂಶೋಧನೆಯ ಪರವಾನಗಿ ಇದೆ. ಅವರು ಹೇಳಿ ನೀವು ಮಾಡಿದ್ರೆ ಅದು ಕೊಲೆ ಅಲ್ಲ, ನೋವು ತಪ್ಪಿಸೋಕೆ ಮಾಡಿದ ಕೆಲಸ ಆಗುತ್ತೆ. ನೀವಿಬ್ಬರೂ ಮನೆಗೆ ಹೋಗಬಹುದು. ಅವರು ಹೇಳಿದ್ರಾ?”

“ಅವರು ಹೇಳಿದ್ರು ಅಂತಾದ್ರೆ ಅವರಿಗೇನಾಗುತ್ತೆ?”

“ಪರವಾನಗಿ ಹೋಗುತ್ತೆ. ಬಿಡಾರ ಮುಚ್ಚುತ್ತೆ.”

ಎರ್ಸಿಲಿಯಾ ಒಂದು ವಾರ ನಿದ್ದೆ ಮಾಡಲಿಲ್ಲ. ಮೂವತ್ತು ವರ್ಷದ ನೋಂದಣಿ. ಯಾವ ತಾಯಿ, ಯಾವ ಮಗಳು, ಯಾರ ಮೊಮ್ಮಗಳು. ಒಂದು ಚಳಿಗಾಲ ಬಿಟ್ಟುಹೋದರೂ ಕೊಂಡಿ ಕಳಚುತ್ತದೆ, ಮತ್ತೆ ಜೋಡಿಸಲಾಗುವುದಿಲ್ಲ. ಮರಿಗಳು ಯಾಕೆ ಸಾಯುತ್ತವೆ ಎಂದು ಕೇಳುವವರೇ ಇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾನು ಹೇಳಬೇಕಾಗಿಯೇ ಬರುವುದಿಲ್ಲ ಎಂದು ಅವಳು ನಂಬಿದ್ದಳು. ಡಾಕ್ಟ್ರಮ್ಮ ತಾನೇ ಎದ್ದು ನಿಲ್ಲುತ್ತಾಳೆ.

ವಿಚಾರಣೆಯ ದಿನ ಸಿಲ್ವಿನಾ ಮೂರನೆಯ ಸಾಲಿನಲ್ಲಿ ಕೂತಿದ್ದಳು, ಬೂದಿ ಬಣ್ಣದ ಕೋಟು ಹಾಕಿಕೊಂಡು. ಸಾಕ್ಷಿಯಾಗಿ ಕರೆದಾಗ, ಎರ್ಸಿಲಿಯಾ ತನ್ನ ಸಿಬ್ಬಂದಿಯಲ್ಲ, ಸ್ವಂತ ಇಚ್ಛೆಯಿಂದ ನೆರವಾಗುತ್ತಿದ್ದ ಸ್ಥಳೀಯ ಹೆಂಗಸು, ಬೆಳಿಗ್ಗೆ ಫೋನ್ ಮಾಡಿದಾಗ ಯಾರೂ ಮುಟ್ಟಬಾರದೆಂದೇ ಸೂಚಿಸಿದ್ದೆ ಎಂದಳು. ಒಂದೊಂದು ಮಾತೂ ಸುಳ್ಳಲ್ಲ. ಸಂಜೆಯ ಫೋನಿನ ಬಗ್ಗೆ ಕೇಳಿದಾಗ, ಉಬ್ಬರ ಸಾಲಲಿಲ್ಲವೆಂದು ಎರ್ಸಿಲಿಯಾ ತಿಳಿಸಿದಳು, ಅಷ್ಟೇ, ಎಂದಳು.

ನ್ಯಾಯಾಧೀಶರು ಎರ್ಸಿಲಿಯಾ ಕಡೆ ತಿರುಗಿದರು. “ಕೊಲ್ಲಲು ನಿಮಗೆ ಯಾರಾದರೂ ಹೇಳಿದರೇ?”

ಅವಳು ಮೂರನೆಯ ಸಾಲನ್ನು ನೋಡಿದಳು. ಸಿಲ್ವಿನಾ ತನ್ನ ಕೈಗವಸು ನೋಡುತ್ತಿದ್ದಳು. ಪಕ್ಕದಲ್ಲಿ ರುಫಿನೊ ಅಕ್ಕನ ಬಾಯನ್ನೇ ನೋಡುತ್ತಿದ್ದ.

“ಯಾರೂ ಹೇಳಿಲ್ಲ,” ಎಂದಳು.

“ಕುದುರೆ ಎಳೆದವರು ಯಾರು?”

ಅದಕ್ಕೆ ಉತ್ತರ ಬೇಕಿರಲಿಲ್ಲ, ವಿಡಿಯೊ ಇತ್ತು. ರುಫಿನೊಗೆ ಲೈಸೆನ್ಸಿಲ್ಲದ ಕೋವಿಯದೂ ಸೇರಿ ಹದಿನಾಲ್ಕು ತಿಂಗಳು ಜೈಲಾಯಿತು. ಎರ್ಸಿಲಿಯಾಗೆ ಆದ ಶಿಕ್ಷೆಯನ್ನು, ಕುದುರೆ ಎಳೆದವಳಲ್ಲವೆಂದು, ತಡೆಹಿಡಿದು ಮನೆಗೆ ಕಳಿಸಿದರು.

ಮೊದಲ ಭೇಟಿಗೆ ಅವಳು ಹುರಿದ ರೊಟ್ಟಿ, ಚಹಾದಂತೆ ಕುಡಿಯುವ ಮಾಟೆ ಸೊಪ್ಪು ಕಟ್ಟಿಕೊಂಡು ಹೋದಳು. ರುಫಿನೊ ಎದುರು ಕೂತ. ಗಡ್ಡ ಬಂದಿತ್ತು, ಅದರಲ್ಲಿ ಬಿಳಿ ಇತ್ತು.

“ಒಂದು ಮಾತು ಸಾಕಿತ್ತಲ್ಲ ಅಕ್ಕಾ.”

“ಅವರೇ ಹೇಳ್ತಾರೆ ಅಂದ್ಕೊಂಡೆ ಕಣೋ.”

“ಅವರು ಹೇಳಲ್ಲ ಅಂತ ಗೊತ್ತಾದ್ಮೇಲೂ ನಿನ್ನ ಬಾಯಲ್ಲಿ ಬರಲಿಲ್ಲ. ನಾನು ನಿನ್ನ ಪಕ್ಕದಲ್ಲೇ ಇದ್ದೆ. ನನ್ನ ಮುಖ ನೋಡಲಿಲ್ಲ ನೀನು. ಒಂದು ಮೀನಿಗೋಸ್ಕರ ನನ್ನ ಕೊಟ್ಟುಬಿಟ್ಟೆ.”

“ಅದು ಮೀನಲ್ಲ,” ಎಂದಳು ಎರ್ಸಿಲಿಯಾ.

ಮೂವತ್ತು ವರ್ಷ ಪ್ರವಾಸಿಗಳಿಗೆ, ಶಾಲೆಯ ಮಕ್ಕಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು. ಅವಳು ಯೋಚಿಸಿ ಆಡಿದ್ದಲ್ಲ. ಆಡಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ರುಫಿನೊ ಅವಳನ್ನು ಒಂದು ಗಳಿಗೆ ನೋಡಿದ. ನಕ್ಕಂತೆ ಕಂಡಿತು. ರೊಟ್ಟಿಯ ಗಂಟನ್ನು ಅವಳ ಕಡೆಗೇ ಸರಿಸಿ, ಕುರ್ಚಿ ಹಿಂದಕ್ಕೆ ತಳ್ಳಿ, ಕಾವಲಿನವನನ್ನು ಕರೆದು ಒಳಗೆ ಹೋದ. ಆಮೇಲಿನ ಯಾವ ಭೇಟಿಗೂ ಹೊರಗೆ ಬರಲಿಲ್ಲ. ಅವಳು ಹದಿನಾರು ಸಲ ಹೋದಳು.

ಬಿಡುಗಡೆಯಾದ ದಿನವೇ ಅವನು ಹೆಂಡತಿಯನ್ನು ಕರೆದುಕೊಂಡು ಕೊಮೊದೊರೊಗೆ ಹೊರಟುಹೋದ. ಹಿಂದಿನ ಕೋಣೆಯ ಬಾಗಿಲನ್ನು ಕಿತ್ತು ಲಾರಿಗೆ ಹಾಕಿಕೊಂಡಿದ್ದ. ಅದು ಅವನು ಸ್ವಂತ ಕೈಯಿಂದ ಮಾಡಿದ ಬಾಗಿಲು.

ಸಿಲ್ವಿನಾ ಮೂರು ವರ್ಷದ ನಂತರ ಬಂದಳು, ಒಂದು ಮಧ್ಯಾಹ್ನ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎರ್ಸಿಲಿಯಾ ಒಳಗೆ ಕರೆಯಲಿಲ್ಲ, ಬಾಗಿಲೂ ಹಾಕಲಿಲ್ಲ. ಗಾಳಿಯಲ್ಲಿ ನಿಂತೇ ಸಿಲ್ವಿನಾ ಮಾತಾಡಿದಳು. ವಿದ್ಯಾರ್ಥಿಗಳು ಬರುತ್ತಾರೆ, ಎರಡು ತಿಂಗಳು ಇದ್ದು ಹೋಗುತ್ತಾರೆ, ದಂಡೆ ನಡೆಯಲು ಯಾರೂ ಇಲ್ಲ. ಎಂಟು ಮರಿ ಕೊಳೆತುಹೋದವು, ಒಂದು ತುಂಡೂ ಸಿಗಲಿಲ್ಲ.

“ಆ ದಿನ ನಾನು ಎದ್ದು ನಿಂತಿದ್ರೆ ಎಲ್ಲ ಮುಗಿದುಹೋಗ್ತಿತ್ತು ಎರ್ಸಿ. ನಿನಗೂ ಅದು ಗೊತ್ತಿತ್ತು. ಅದಕ್ಕೇ ನೀನೂ ಹೇಳಲಿಲ್ಲ.”

“ನಾನು ಹೇಳದೇ ಇದ್ದಿದ್ದು ಬೇರೆ, ನೀವು ಹೇಳದೇ ಇದ್ದಿದ್ದು ಬೇರೆ, ಡಾಕ್ಟ್ರಮ್ಮ.”

“ನಾನೇನು ಮಾಡಬೇಕು ಹೇಳು.”

“ಕೊಮೊದೊರೊಗೆ ಹೋಗಿ. ಅವನೆದುರು ನಿಂತು, ಮಾಡು ಅಂತ ಹೇಳಿದ್ದು ನಾನೇ ಅನ್ನಿ. ಕೋರ್ಟಿಗೆ ಬೇಡ. ಅವನಿಗೊಬ್ಬನಿಗೆ.”

“ಹೋಗ್ತೀನಿ. ಈ ತಿಂಗಳೇ.”

ಹೋಗಲಿಲ್ಲ. ಎರ್ಸಿಲಿಯಾ ರುಫಿನೊನ ಹೆಂಡತಿಗೆ ಫೋನ್ ಮಾಡಿ ಎರಡು ಸಲ ಕೇಳಿದಳು. ಯಾರೂ ಬಂದಿಲ್ಲ ಅತ್ತಿಗೆ ಎಂದಳು ಅವಳು. ಮೂರನೆಯ ಸಲ, ನೀವು ಫೋನ್ ಮಾಡಿದ್ದು ಗೊತ್ತಾದರೆ ಇವರು ಊಟ ಬಿಡ್ತಾರೆ, ಇನ್ಮೇಲೆ ಮಾಡಬೇಡಿ ಎಂದಳು.

ಆದರೂ ಆಗಸ್ಟಿನಲ್ಲಿ ವರ್ಷದ ಮೊದಲ ಮರಿ ಬಿದ್ದಾಗ ಎರ್ಸಿಲಿಯಾ ಚಾಕು ಮಸೆದುಕೊಂಡು ದಂಡೆಗೆ ಹೋದಳು. ಅಳೆದಳು, ಕೊಯ್ದಳು, ಬೆನ್ನಿನ ಗುಳಿಗಳ ಚಿತ್ರ ಬರೆದಳು, ತುಂಡುಗಳನ್ನು ಸೀಸೆಗೆ ತುಂಬಿದಳು. ಸೀಸೆಯ ಚೀಟಿಯಲ್ಲಿ ತಾರೀಖು, ಜಾಗ, ಉದ್ದ ಬರೆದು, ಸಂಗ್ರಹಿಸಿದವರು ಎಂಬಲ್ಲಿ ರುಫಿನೊ ಕಾಯುಪಾನ್ ಎಂದು ಬರೆದಳು. ಬಿಡಾರಕ್ಕೆ ಸೀಸೆಗಳು ತಲುಪಿದವು. ಸಿಲ್ವಿನಾ ಚೀಟಿ ಓದಿದಳೋ ಇಲ್ಲವೋ, ಏನೂ ಕೇಳಲಿಲ್ಲ. ತಿದ್ದಲೂ ಇಲ್ಲ.

ಆಗಿನಿಂದ ಹನ್ನೆರಡು ವರ್ಷವಾಯಿತು. ಅವಳಿಗೀಗ ಅರವತ್ತೊಂಬತ್ತು. ಮಂಡಿ ಹಿಡಿದುಕೊಳ್ಳುತ್ತದೆ, ಉಸುಕಿನಲ್ಲಿ ಕೋಲು ಊರಿ ನಡೆಯುತ್ತಾಳೆ. ಸಾವಿರದ ಚಿಲ್ಲರೆ ಸೀಸೆಗಳ ಮೇಲೆ ಅವಳ ತಮ್ಮನ ಹೆಸರಿದೆ. ದೂರದೂರದ ದೇಶಗಳಲ್ಲಿ ಅಚ್ಚಾಗುವ ಪ್ರಬಂಧಗಳ ಕೊನೆಗೆ, ಈ ಮಾದರಿಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿಕೊಟ್ಟ ರುಫಿನೊ ಕಾಯುಪಾನ್ ಅವರಿಗೆ ಕೃತಜ್ಞತೆಗಳು ಎಂದು ಬರುತ್ತದೆ. ಅವನನ್ನೊಮ್ಮೆ ನೋಡಬೇಕೆಂದು ಕಳೆದ ವರ್ಷ ಒಬ್ಬ ವಿದೇಶಿ ಪ್ರೊಫೆಸರ್ ಬಂದಿದ್ದ. ರುಫಿನೊ ದೂರ ಇದ್ದಾನೆ, ಸಿಗುವುದಿಲ್ಲ ಎಂದು ಎರ್ಸಿಲಿಯಾ ಹೇಳಿ ಕಳಿಸಿದಳು. ಆ ಪ್ರಬಂಧಗಳಲ್ಲಿ ಒಂದನ್ನು ಲಕೋಟೆಗೆ ಹಾಕಿ ಕೊಮೊದೊರೊಗೂ ಕಳಿಸಿದ್ದಳು. ಲಕೋಟೆ ಒಡೆಯದೆಯೇ ತಿರುಗಿ ಬಂತು.